ಕೇಕಿನೊಳಗೆ ಕರಂಡೆ

(ಪುತ್ತೂರಿನ ಕಡೆಯ ಒಂದು ಅಡಕೆ ತೋಟದ ಮನೆ. ಏಪ್ರಿಲ್ ಕೊನೆಯ ವಾರ. ಬೆಳಗ್ಗೆ ಒಂಬತ್ತಕ್ಕೇ ಸೆಕೆ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಬಂದ ಅಕ್ಕನ ಮಗಳು ಅಡುಗೆಮನೆಯ ಮೇಜಿನ ಮೇಲೆ ಪುಟ್ಟ ತಕ್ಕಡಿ, ಎರಡು ಕೇಕ್ ಡಬ್ಬಿ, ಒಂದು ಪೊಟ್ಟಣ ಇಟ್ಟಿದ್ದಾಳೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಚಿಕ್ಕಮ್ಮನಿಗೆ ಈಗ ಬೇಸಗೆ ರಜೆ. ನಾಡಿದ್ದು ಅಕ್ಕನಿಗೆ ಅರುವತ್ತು ತುಂಬುತ್ತದೆ.)

ಚಿಕ್ಕಮ್ಮ: ಆ ಪೊಟ್ಟಣ ಎಂತದ್ದು? ಮೇಜಿಡೀ ನೀರಾಗ್ತಾ ಉಂಟಲ್ಲ.

ಮಗಳು: ಬ್ಲೂಬೆರಿ, ಚಿಕ್ಕಮ್ಮ. ಫ್ರೀಜರಿನಲ್ಲಿ ಗಟ್ಟಿ ಮಾಡಿ ಮಾರುತ್ತಾರಲ್ಲ, ಅದು. ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಕರಗಿಹೋಗಿದೆ. ಅಮ್ಮನಿಗೆ ಚಾಕಲೇಟ್ ಲೇಯರ್ ಕೇಕ್ ಮಾಡಿ, ಪದರಗಳ ನಡುವೆ ಬೆರಿ ಹಣ್ಣಿನ ಹೂರಣ ಇಡಬೇಕು ಅಂತ ಆಸೆ. ಸ್ಟ್ರಾಬೆರಿ ಹುಡುಕಿದೆ. ಮಹಾಬಲೇಶ್ವರದ ಹಣ್ಣಿನ ಕಾಲ ಮುಗಿದಿದೆ, ಸಿಕ್ಕಿದ್ದು ಮೆತ್ತಗಾಗಿತ್ತು.

ಚಿಕ್ಕಮ್ಮ: ಪುತ್ತೂರಿಗೆ ಬೆರಿ ಹಣ್ಣನ್ನು ಬೆಂಗಳೂರಿನಿಂದ ಹೊತ್ತು ತಂದೆಯಾ? ಆ ಬುಟ್ಟಿಯ ಬಟ್ಟೆ ಸರಿಸು.

ಮಗಳು: ಕರಂಡೆ! ಎಷ್ಟು ಕಪ್ಪಗೆ ಹಣ್ಣಾಗಿದೆ. ಆದರೆ ಇದು ಉಪ್ಪಿನಕಾಯಿಗಲ್ಲವಾ?

ಚಿಕ್ಕಮ್ಮ: ಕಾಯಿ ಉಪ್ಪಿನಕಾಯಿಗೆ. ಹಣ್ಣು ಗುಡ್ಡೆಯಲ್ಲಿ ಓಡಾಡುವ ಮಕ್ಕಳಿಗೆ, ಹಕ್ಕಿಗಳಿಗೆ. ನಾನು ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವುದುಂಟು, ಸ್ಟ್ರಾಬೆರಿ ಹೆಸರಿಗೆ ಬೆರಿ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೆರಿಯಲ್ಲ ಅಂತ. ಹೂವಿನ ಪೀಠ ಊದಿಕೊಂಡು ಆದದ್ದು ಅದು. ಮೈಮೇಲಿನ ಚುಕ್ಕಿಗಳೇ ಅದರ ನಿಜವಾದ ಹಣ್ಣುಗಳು. ಕರಂಡೆ ಹಾಗಲ್ಲ. ಒಂದು ಹೂವಿನ ಅಂಡಾಶಯವೇ ಹಣ್ಣಾಗಿ, ಬೀಜಗಳು ತಿರುಳಿನೊಳಗೇ ಕೂತ ಅಪ್ಪಟ ಬೆರಿ.

ಮಗಳು: ಆದರೂ ಕೇಕಿಗೆ ಕರಂಡೆ ಹಾಕಿದ್ದನ್ನು ನಾನು ಎಲ್ಲೂ ನೋಡಿಲ್ಲ.

ಚಿಕ್ಕಮ್ಮ: ನೋಡಿದ್ದೀಯ, ತಿಂದೂ ಇದ್ದೀಯ. ಬೇಕರಿಯ ಕೇಕಿನ ಮೇಲೆ, ಐಸ್‌ಕ್ರೀಮಿನ ಮೇಲೆ ಕೂತ ಕೆಂಪು ಚೆರಿ ಉಂಟಲ್ಲ, ನಮ್ಮ ದೇಶದಲ್ಲಿ ಅದು ಎಷ್ಟೋ ಸಲ ಕರಂಡೆಯೇ. ಬೀಜ ತೆಗೆದು, ಕೆಂಪು ಬಣ್ಣ ಕೊಟ್ಟು, ಸಕ್ಕರೆ ಪಾಕದಲ್ಲಿ ದಿನಗಟ್ಟಲೆ ನೆನೆಸಿಟ್ಟದ್ದು. ಚೆರಿ ಮರಕ್ಕೆ ಚಳಿ ಬೇಕು, ಅದು ಕಾಶ್ಮೀರ, ಹಿಮಾಚಲದ ಬೆಳೆ. ಊರೂರಿನ ಬೇಕರಿಗೆ ಅಷ್ಟು ಚೆರಿ ಎಲ್ಲಿಂದ ಬರಬೇಕು? ಕಲ್ಲುಗುಡ್ಡೆಯ ಮುಳ್ಳುಪೊದೆ ಅದನ್ನು ಒದಗಿಸಿತು. ಆದರೆ ಹೆಸರು ಮಾತ್ರ ಅದಕ್ಕೆ ಸಿಗಲಿಲ್ಲ.

ಮಗಳು: ಹಾಗಾದರೆ ನಾನು ಚಿಕ್ಕಂದಿನಲ್ಲಿ ತಿಂದ ಬ್ಲ್ಯಾಕ್ ಫಾರೆಸ್ಟ್...

ಚಿಕ್ಕಮ್ಮ: ಅದೂ ಇರಬಹುದು. ಬ್ಲ್ಯಾಕ್ ಫಾರೆಸ್ಟ್ ಜರ್ಮನಿಯ ಒಂದು ಕಾಡು ಸೀಮೆಯ ಹೆಸರು. ಅಲ್ಲಿನ ಕೇಕಿಗೆ ಹುಳಿ ಚೆರಿ ಬೇಕು, ಚೆರಿಯಿಂದಲೇ ಇಳಿಸಿದ ಕಿರ್ಷ್ ಎಂಬ ಮದ್ಯವೂ ಬೇಕು. ಚಾಕಲೇಟು, ಕೆನೆ ಎರಡರ ಜಿಡ್ಡನ್ನೂ ಆ ಹುಳಿ ಕತ್ತರಿಸುತ್ತದೆ. ನಮ್ಮಲ್ಲಿ ಬಣ್ಣ ಉಳಿಸಿಕೊಂಡು ಹುಳಿಯನ್ನು ಕಳೆದುಬಿಟ್ಟರು. ಇಷ್ಟು ಹುಳಿಯ ಹಣ್ಣನ್ನು ತಂದು ಹುಳಿಯೇ ಇಲ್ಲದ ಹಾಗೆ ಮಾಡಿದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಮಗಳು: ಹುಳಿ ಅಷ್ಟು ಮುಖ್ಯವಾ, ಚಿಕ್ಕಮ್ಮ? ಜನ ಕೇಕು ತಿನ್ನುವುದು ಸಿಹಿಗೆ.

ಚಿಕ್ಕಮ್ಮ: ಹಾಗಲಕಾಯಿ ಮೆಣಸ್ಕಾಯಿ ಮಾಡುವಾಗ ಕಹಿಗೆ ಬೆಲ್ಲ ಮಾತ್ರ ಹಾಕಿದರೆ ಸಾಕಾ? ಹುಣಸೆ ಹುಳಿ ಬಿದ್ದ ಮೇಲೆಯೇ ಕಹಿಗೊಂದು ರುಚಿ, ಬೆಲ್ಲಕ್ಕೊಂದು ರುಚಿ. ಕೊಕ್ಕೊವೂ ಕಹಿಯೇ ಮಾರಾಯ್ತಿ. ಬರೀ ಸಕ್ಕರೆ ಸುರಿದರೆ ನಾಲ್ಕನೇ ತುತ್ತಿಗೆ ಬಾಯಿ ಕಟ್ಟುತ್ತದೆ. ಇಲ್ಲಿ ಕೂತುಕೊ, ಹಣ್ಣು ಬಿಡಿಸುತ್ತಾ ಮಾತಾಡುವ. ಕೈಗೆ ಎಣ್ಣೆ ಸವರಿಕೊ, ಸೊನೆ ಅಂಟುತ್ತದೆ.

ಮಗಳು: ಹಣ್ಣಾದ ಮೇಲೂ ಸೊನೆ ಇರುತ್ತದಾ?

ಚಿಕ್ಕಮ್ಮ: ತೊಟ್ಟಿನ ಹತ್ತಿರ ಒಂಚೂರು ಇದ್ದೇ ಇರುತ್ತದೆ. ಹದ ಬಿಸಿ ನೀರಿನಲ್ಲಿ ಎರಡು ಸಲ ತೊಳೆದರೆ ಹೋಗುತ್ತದೆ. 1 ಕಿಲೋ ಹಣ್ಣಿಗೆ 1 ಲೋಟ ನೀರು, ಸ್ಟೀಲಿನ ಪಾತ್ರೆ. ಅಲ್ಯೂಮಿನಿಯಂ ಬೇಡ, ಹುಳಿಗೆ ಲೋಹ ಬಿಡುತ್ತದೆ. ಕಾಲು ಗಂಟೆ ಬೇಯಿಸಿ ಜರಡಿಯಲ್ಲಿ ಒತ್ತಿದರೆ ಬೀಜ, ಸಿಪ್ಪೆ ಮೇಲೆ ಉಳಿಯುತ್ತದೆ. ಕೆಳಗೆ ದಾಸವಾಳದ ಬಣ್ಣದ ತಿರುಳು. 600 ಗ್ರಾಂ ತಿರುಳು ಸಿಕ್ಕಿದರೆ 450 ಗ್ರಾಂ ಸಕ್ಕರೆ ಹಾಕು. ಜಾಮಿಗೆ ಸಮಸಮ ಹಾಕುತ್ತಾರೆ. ನಮಗೆ ಹುಳಿ ಉಳಿಯಬೇಕು, ಅದಕ್ಕೇ ಕಡಿಮೆ.

ಮಗಳು: ನಾನು ಸ್ಟ್ರಾಬೆರಿ ಹೂರಣ ಮಾಡುವಾಗ ಕಾರ್ನ್‌ಫ್ಲೋರ್ ಕಲಸಿ ಹಾಕುತ್ತೇನೆ. ಒಮ್ಮೆ ನಿಂಬೆರಸವನ್ನು ಮೊದಲೇ ಹಿಂಡಿಬಿಟ್ಟೆ, ಕುದ್ದಷ್ಟೂ ನೀರಾಯಿತು. ಹುಳಿಯೊಂದಿಗೆ ಕುದಿದರೆ ಪಿಷ್ಟದ ಬಿಗಿ ಸಡಿಲುತ್ತದೆ, ನಿಂಬೆರಸ ಒಲೆ ಆರಿಸಿದ ಮೇಲೆ ಹಾಕಬೇಕು ಅನ್ನುವುದು ಆಮೇಲೆ ಗೊತ್ತಾಯಿತು.

ಚಿಕ್ಕಮ್ಮ: ಇದಕ್ಕೆ ಆ ಹಿಟ್ಟೇ ಬೇಡ. ಕರಂಡೆಯಲ್ಲಿ ಪೆಕ್ಟಿನ್ ಬೇಕಾದಷ್ಟುಂಟು. ಪೆಕ್ಟಿನ್, ಸಕ್ಕರೆ, ಹುಳಿ ಮೂರೂ ಸೇರಿದರೆ ತಣಿದಾಗ ತಾನಾಗಿ ಕಟ್ಟಿಕೊಳ್ಳುತ್ತದೆ. ಹಲಸಿನ ಹಣ್ಣಿನ ಬೆರಟಿ ಕಾಯಿಸಿ ಅಭ್ಯಾಸ ಇದ್ದವರಿಗೆ ಇದು ಅರ್ಧ ಗಂಟೆಯ ಕೆಲಸ. ಒಂದು ಸ್ಟೀಲ್ ತಟ್ಟೆಯನ್ನು ಫ್ರಿಜ್ಜಿನಲ್ಲಿಡು. ಅದರ ಮೇಲೆ ಒಂದು ತೊಟ್ಟು ಬಿಟ್ಟು ಬೆರಳಿನಿಂದ ಗೆರೆ ಎಳೆ. ಗೆರೆ ಮುಚ್ಚದೆ ನಿಂತರೆ ಇಳಿಸು. ಬೆರಟಿಯ ಹಾಗೆ ಉಂಡೆ ಕಟ್ಟುವ ತನಕ ಬಿಡಬೇಡ. ಕೇಕಿನ ನಡುವೆ ಅದು ಮೆತ್ತಗೆ ಹರಡಬೇಕು.

ಮಗಳು: ಸ್ಟ್ರಾಬೆರಿಯನ್ನೇ ನಂಬಿಕೊಂಡವರು ನಿಂಬೆ, ಕಾರ್ನ್‌ಫ್ಲೋರ್ ಎರಡನ್ನೂ ಮರೆಯಬಾರದು ಅಂತಾಯಿತು. ಹಿಪ್ಪುನೇರಳೆ ಹಣ್ಣಿಗೂ ಅಷ್ಟೇ. ಅದು ಬರೀ ಸಿಹಿ.

ಚಿಕ್ಕಮ್ಮ: ಹೌದು. ಘಟ್ಟದ ಮೇಲಿನವರಿಗೆ ಹಿಪ್ಪುನೇರಳೆ ಒಳ್ಳೆಯ ದಾರಿ. ಸೊಪ್ಪಿಗಾಗಿ ಸವರುವ ತೋಟದಲ್ಲಿ ಹಣ್ಣು ಸಿಗುವುದು ಕಷ್ಟ, ಬೇಲಿಯಲ್ಲಿ ಬಿಟ್ಟ ಗಿಡದಲ್ಲಿ ಸಿಗುತ್ತದೆ. ಈಗ ನಿನ್ನ ಕೊಕ್ಕೊ ಪುಡಿ ತೋರಿಸು.

ಮಗಳು: ಇದು, ನಾನು ಯಾವಾಗಲೂ ತರುವುದು. ಎಷ್ಟು ಕಪ್ಪು ನೋಡಿ.

ಚಿಕ್ಕಮ್ಮ: ಕಪ್ಪಾಗಿರುವುದು ಕ್ಷಾರ ಹಾಕಿದ್ದಕ್ಕೆ. ಹಿಂಬದಿ ಓದು, 501 ಅಂತ ಅಂಕಿ ಇದ್ದರೆ ಅದು ಪೊಟ್ಯಾಸಿಯಂ ಕಾರ್ಬೊನೇಟ್. ಕೊಕ್ಕೊದ ಹುಳಿ ಸಾಯಲಿ, ಬಣ್ಣ ಕಪ್ಪಾಗಲಿ ಅಂತ ಹಾಕುತ್ತಾರೆ. ನೆದರ್ಲೆಂಡಿನ ವಾನ್ ಹೌಟನ್ ಮನೆತನದವರು ಅರೆದ ಕೊಕ್ಕೊದಿಂದ ಬೆಣ್ಣೆ ಹಿಂಡುವ ಯಂತ್ರಕ್ಕೆ 1828ರಲ್ಲಿ ಪೇಟೆಂಟ್ ಪಡೆದರು. ಈ ಕ್ಷಾರದ ವಿಧಾನವೂ ಅವರದ್ದೇ. ಅದು ಕೆಟ್ಟದ್ದೇನಲ್ಲ. ಆದರೆ ಸೋಡಾ ಉಬ್ಬಬೇಕಾದರೆ ಹುಳಿ ಬೇಕು. ಕ್ಷಾರ ಹಾಕಿದ ಪುಡಿಯಲ್ಲಿ ಆ ಹುಳಿ ಇರುವುದಿಲ್ಲ.

ಮಗಳು: ಅದಕ್ಕೇ ಒಂದೊಂದು ಪುಡಿಯಲ್ಲಿ ಒಂದೊಂದು ಥರ ಉಬ್ಬುತ್ತದೆ! ಅಂಥದ್ದಕ್ಕೆ ಬೇಕಿಂಗ್ ಪೌಡರ್ ಹಾಕಬೇಕು. ಅದರಲ್ಲಿ ಆಮ್ಲ ಸೇರಿಯೇ ಇರುತ್ತದೆ.

ಚಿಕ್ಕಮ್ಮ: ಈ ಡಬ್ಬಿಯದ್ದು ಹಾಕುವ. ಬಣ್ಣ ತೆಳು, ಇಟ್ಟಿಗೆ ಪುಡಿಯ ಹಾಗೆ. ಮೂಗಿಗೆ ಹಿಡಿ, ಹುಳಿ ವಾಸನೆ ಬರುತ್ತದೆ. ಕ್ಷಾರ ಮುಟ್ಟಿಸದ್ದು.

ಮಗಳು: ಇದು ನಮ್ಮ ತೋಟದ ಕೊಕ್ಕೊವಾ?

ಚಿಕ್ಕಮ್ಮ: ನಮ್ಮದೇ ಅಂತ ಹೇಗೆ ಹೇಳುವುದು? ನಾವು ಹಸಿ ಬೀಜ ಕೊಟ್ಟು ಬರುವವರು. ಆದರೆ ಕತೆ ನಮ್ಮದೇ. ಅಜ್ಜ ಅಡಕೆ ಮರದ ನಡುವೆ ಕೊಕ್ಕೊ ಇಟ್ಟದ್ದು ಎಪ್ಪತ್ತರ ದಶಕದಲ್ಲಿ. ನೆರಳಿನ ಗಿಡ, ಅಡಕೆಗೆ ಹಾಕಿದ ನೀರೇ ಇದಕ್ಕೂ ಸಾಕು. 1980ರ ಆಸುಪಾಸಿನಲ್ಲಿ ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಎಷ್ಟೋ ಮಂದಿ ಗಿಡ ಕಡಿದರು. ಅಜ್ಜನೂ ಕತ್ತಿ ಮಸೆದಿಟ್ಟಿದ್ದರು. ಅಡಕೆ ಬೆಳೆಗಾರರಿಗಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಕೊಕ್ಕೊವನ್ನೂ ಕೊಳ್ಳಲು ಮುಂದೆ ಬಂತು. 1986ರಲ್ಲಿ ಪುತ್ತೂರಿನಲ್ಲೇ ಚಾಕಲೇಟ್ ಕಾರ್ಖಾನೆ ಆಯಿತು. ಬೆಳೆದವರೇ ಸೇರಿ ಕಟ್ಟಿದ ಕಾರ್ಖಾನೆ! ಅಲ್ಲಿಯವರೆಗೆ ಅಜ್ಜ ವರ್ಷಾನುಗಟ್ಟಲೆ ಕೊಕ್ಕೊ ಬೆಳೆದಿದ್ದರು, ಒಂದು ತುಂಡು ಚಾಕಲೇಟು ತಿಂದಿರಲಿಲ್ಲ.

ಮಗಳು: ಅಮ್ಮ ಹೇಳುತ್ತಿದ್ದಳು, ನೀವಿಬ್ಬರೂ ಕೊಕ್ಕೊ ಕಾಯಿ ಒಡೆದು ಬೀಜ ಚೀಪುತ್ತಿದ್ದಿರಂತೆ.

ಚಿಕ್ಕಮ್ಮ: ಅಳಿಲಿಗೂ ನಮಗೂ ಸ್ಪರ್ಧೆ. ಕೊಕ್ಕೊ ಕಾಯಿ ಕೊಂಬೆ ತುದಿಯಲ್ಲಿ ಬಿಡುವುದಲ್ಲ, ಹಲಸಿನ ಹಾಗೆ ಕಾಂಡದ ಮೈಯಲ್ಲೇ. ಒಡೆದರೆ ಬೀಜದ ಸುತ್ತ ಬಿಳಿ ಲೋಳೆ. ಹುಳಿ, ಸಿಹಿ ಎರಡೂ. ಚಾಕಲೇಟಿನ ರುಚಿ ಅದರಲ್ಲಿ ಒಂದಿಷ್ಟೂ ಇಲ್ಲ. ರುಚಿ ಬರುವುದು ಹುಳಿಯಿಸಿದ ಮೇಲೆ. ಹಸಿ ಬೀಜ ರಾಶಿ ಹಾಕಿ ಬಾಳೆ ಎಲೆ ಮುಚ್ಚಿ ಐದಾರು ದಿನ ಇಡುತ್ತಾರೆ. ಲೋಳೆಯ ಸಕ್ಕರೆಯನ್ನು ಯೀಸ್ಟ್ ಮದ್ಯಸಾರ ಮಾಡುತ್ತದೆ, ಅದನ್ನು ಬ್ಯಾಕ್ಟೀರಿಯಾ ವಿನೆಗರಿನ ಆಮ್ಲ ಮಾಡುತ್ತದೆ. ರಾಶಿ ತಾನಾಗಿ ಕಾದು 45ರಿಂದ 50 ಡಿಗ್ರಿ ಮುಟ್ಟುತ್ತದೆ. ಬೀಜ ಸಾಯುತ್ತದೆ, ಒಳಗಿನ ನೇರಳೆ ಬಣ್ಣ ಕಂದಾಗುತ್ತದೆ. ಆಮೇಲೆ ಒಣಗಿಸುವಾಗ, ಹುರಿಯುವಾಗ, ಗಂಟೆಗಟ್ಟಲೆ ಅರೆಯುವಾಗ ಆ ಹುಳಿಯ ಬಹುಪಾಲು ಹಾರಿಹೋಗುತ್ತದೆ. ಉಳಿದದ್ದನ್ನು ಕ್ಷಾರ ನುಂಗುತ್ತದೆ. ಹುಳಿಯಲ್ಲಿ ಹುಟ್ಟಿದ ಪದಾರ್ಥ ಅದು. ಕರಂಡೆಯ ಹೂರಣ ಪಕ್ಕದಲ್ಲಿಟ್ಟರೆ ಹಾರಿಹೋದದ್ದು ವಾಪಸು ಬಂದ ಹಾಗೆ. ನಾನು ಹುಳಿ ಹುಳಿ ಅಂತ ಹಟ ಹಿಡಿಯುವುದು ಇದಕ್ಕೆ.

ಮಗಳು: ಈಗ ನನ್ನ ಸರದಿ. ಒಂದೇ ಬೇಡಿಕೆ, ಎರಡು ಮೊಟ್ಟೆ...

ಚಿಕ್ಕಮ್ಮ: ಈ ಮನೆಯಲ್ಲಿ ಇಲ್ಲ, ಗೊತ್ತುಂಟಲ್ಲ.

ಮಗಳು: ಗೊತ್ತು. ಅದಕ್ಕೇ ಲೆಕ್ಕ ಮಾಡಿಕೊಂಡೇ ಬಂದಿದ್ದೇನೆ. 8 ಇಂಚಿನ ಎರಡು ಡಬ್ಬಿಗೆ 360 ಗ್ರಾಂ ಮೈದಾ, 70 ಗ್ರಾಂ ಕೊಕ್ಕೊ ಪುಡಿ, 360 ಗ್ರಾಂ ಸಕ್ಕರೆ, ಮಟ್ಟಸವಾಗಿ 2 ಚಮಚ ಸೋಡಾ, 1 ಚಮಚ ಉಪ್ಪು. ಒದ್ದೆಯದ್ದು 160 ಮಿಲಿ ಎಣ್ಣೆ, 240 ಮಿಲಿ ಹುಳಿ ಮಜ್ಜಿಗೆ, ಒಂದು ನಿಂಬೆಹಣ್ಣಿನ ರಸ, ಮತ್ತೆ 240 ಮಿಲಿ ಬಿಸಿ ಕಾಫಿ ಡಿಕಾಕ್ಷನ್. ಬೆಣ್ಣೆ ಹಾಕುವುದಿಲ್ಲ. ಫ್ರಿಜ್ಜಿನಲ್ಲಿ ಬೆಣ್ಣೆಯ ಕೇಕು ಗಟ್ಟಿಯಾಗುತ್ತದೆ, ಎಣ್ಣೆಯದ್ದು ಮೆತ್ತಗೇ ಉಳಿಯುತ್ತದೆ. ಇಲ್ಲಿನ ಸೆಕೆಗೆ ಫ್ರಿಜ್ ಬಿಟ್ಟು ಗತಿಯಿಲ್ಲವಲ್ಲ.

ಚಿಕ್ಕಮ್ಮ: ಡಿಕಾಕ್ಷನ್ ಎಂತಕ್ಕೆ? ಕಾಫಿ ವಾಸನೆ ಬರುವುದಿಲ್ಲವಾ?

ಮಗಳು: ಕಾಫಿ ಅಂತ ಗೊತ್ತಾಗುವುದಿಲ್ಲ, ಕೊಕ್ಕೊ ಗಾಢವಾಗುತ್ತದೆ ಅಷ್ಟೇ. ಎರಡೂ ಹುರಿದ ಬೀಜಗಳಲ್ಲವಾ. ಬಿಸಿಯಾಗಿಯೇ ಹಾಕಬೇಕು. ಮೊದಲು ಕೊಕ್ಕೊ ಪುಡಿಯ ಮೇಲೆ ಡಿಕಾಕ್ಷನ್ ಸುರಿದು ಗಂಟಿಲ್ಲದಂತೆ ಕಲಸಿ ಐದು ನಿಮಿಷ ಬಿಡುತ್ತೇನೆ, ಘಮ ಏಳುತ್ತದೆ. ಆರಿದ ಮೇಲೆ ಮಜ್ಜಿಗೆ, ನಿಂಬೆರಸ, ಎಣ್ಣೆ, ಸಕ್ಕರೆ. ಕೊನೆಗೆ ಮೈದಾ, ಸೋಡಾ, ಉಪ್ಪನ್ನು ಜರಡಿ ಹಿಡಿದು ಹಾಕಿ, ಹಿಟ್ಟು ಕಾಣದಾಗುವಷ್ಟೇ ಕಲಸುವುದು. ಹೆಚ್ಚು ತಿರುವಿದರೆ ಮೈದಾ ಜಿಗುಟು ಬಿಟ್ಟು ಕೇಕು ರಬ್ಬರಾಗುತ್ತದೆ.

ಚಿಕ್ಕಮ್ಮ: ಹೋಳಿಗೆ ಕಣಕ ನಾದುವುದಕ್ಕೆ ಪೂರಾ ವಿರುದ್ಧ. ಅಲ್ಲಿ ಜಿಗುಟೇ ಬೇಕು.

ಮಗಳು: ಸರಿಯಾಗಿ ಹೇಳಿದಿರಿ. ಸೋಡಾ ಮಜ್ಜಿಗೆ ಮುಟ್ಟಿದ ಕ್ಷಣದಿಂದಲೇ ಗಾಳಿ ಬಿಡಲು ಶುರು, ಹಾಗಾಗಿ ಓವನ್ ಮೊದಲೇ 175 ಡಿಗ್ರಿಗೆ ಕಾದಿರಬೇಕು. ಅರ್ಧ ಗಂಟೆಯ ಮೇಲೆ ಕಡ್ಡಿ ಚುಚ್ಚಿ ನೋಡುತ್ತೇನೆ. ಅಲ್ಲಿಯವರೆಗೆ ಬಾಗಿಲು ತೆಗೆಯುವ ಹಾಗಿಲ್ಲ.

(ಮಧ್ಯಾಹ್ನದ ಹೊತ್ತಿಗೆ ಎರಡು ಕೇಕುಗಳು ಹೊರಬಂದವು. ಹೂರಣ ಸ್ಟೀಲ್ ಡಬ್ಬಿ ಸೇರಿತು. ಕೇಕುಗಳು ತಣಿದ ಮೇಲೆ ಸುತ್ತಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರು. ಮರುದಿನ ಬೆಳಗ್ಗೆ ಮತ್ತೆ ಅದೇ ಮೇಜು.)

ಚಿಕ್ಕಮ್ಮ: ನಿನ್ನೆಯೇ ಕತ್ತರಿಸಬಹುದಿತ್ತು.

ಮಗಳು: ನಿನ್ನೆಯದು ಪುಡಿಪುಡಿಯಾಗುತ್ತಿತ್ತು. ಒಂದು ರಾತ್ರಿ ತಣ್ಣಗಿದ್ದರೆ ತೇವ ಎಲ್ಲ ಕಡೆ ಸಮವಾಗುತ್ತದೆ, ಮೈ ಗಟ್ಟಿಯಾಗುತ್ತದೆ. ಲೇಯರ್ ಕೇಕು ಕೆಡುವುದು ಹೆಚ್ಚಾಗಿ ಈ ಒಂದು ರಾತ್ರಿ ಕಾಯದೆ ಹೋಗುವುದರಿಂದ. ನನ್ನ ಮೊದಲ ಎರಡು ಕೇಕು ಹೀಗೇ ಜಾರಿಬಿದ್ದವು. ಗಟ್ಟಿ ದಾರ ಇದೆಯಾ?

ಚಿಕ್ಕಮ್ಮ: ಹೊಲಿಗೆಯದ್ದು ಉಂಟು. ಚೂರಿ ಬೇಡವಾ?

ಮಗಳು: ಸುತ್ತಲೂ ಅರ್ಧ ಇಂಚು ಚೂರಿಯಿಂದ ಗೀರಿ, ಆ ಗೀರಿನಲ್ಲಿ ದಾರ ಕೂರಿಸಿ, ತುದಿಗಳನ್ನು ಅಡ್ಡ ಹಾಯಿಸಿ ಎಳೆದರೆ ಮಟ್ಟಸವಾಗಿ ಎರಡು ಹೋಳು. ಎರಡು ಕೇಕಿಗೆ ನಾಲ್ಕು ಪದರ. ನಡುವೆ ಮೂರು ಸಾಲು ಹೂರಣ. ಮೇಲೆ ಕೆನೆ ಕಡೆದು ಹಚ್ಚೋಣವಾ?

ಚಿಕ್ಕಮ್ಮ: ಈ ಏಪ್ರಿಲಿನಲ್ಲಿ? ಕೆನೆ ನಿಲ್ಲಲಿಕ್ಕಿಲ್ಲ. ಕೊಕ್ಕೊ ಬೆಣ್ಣೆ ಕರಗುವುದೇ 34 ಡಿಗ್ರಿಯ ಹತ್ತಿರ, ಅದಕ್ಕೇ ಚಾಕಲೇಟು ಬಾಯಲ್ಲಿ ಕರಗುವುದು. ನಮ್ಮ ಜಗಲಿಯ ಸೆಕೆಯೂ ಮಧ್ಯಾಹ್ನ ಅಷ್ಟಕ್ಕೆ ಬರುತ್ತದೆ. ಚಾಕಲೇಟೇ ನಿಲ್ಲದ ಕಡೆ ಕೆನೆ ಹೇಗೆ ನಿಂತೀತು?

ಮಗಳು: ಹಾಗಾದರೆ ಗನಾಶ್. ಸಾಮಾನ್ಯವಾಗಿ ಚಾಕಲೇಟಿಗೆ ಸಮತೂಕ ಕೆನೆ. ಇಲ್ಲಿಗೆ ಎರಡಕ್ಕೆ ಒಂದು ಮಾಡುತ್ತೇನೆ. 600 ಗ್ರಾಂ ಡಾರ್ಕ್ ಚಾಕಲೇಟಿಗೆ 300 ಗ್ರಾಂ ಕೆನೆ. ಕೆನೆ ಕುದಿ ಹತ್ತುವಾಗ ಇಳಿಸಿ, ಚೂರು ಮಾಡಿದ ಚಾಕಲೇಟಿನ ಮೇಲೆ ಸುರಿದು, ಎರಡು ನಿಮಿಷ ಮುಟ್ಟದೆ ಬಿಟ್ಟು, ನಡುವಿನಿಂದ ಹೊರಕ್ಕೆ ಮೆಲ್ಲಗೆ ತಿರುವುವುದು.

ಚಿಕ್ಕಮ್ಮ: ಹೂರಣ ಬದಿಯಿಂದ ಹರಿದು ಹೋಗದ ಹಾಗೆ ಎಂತ ಮಾಡುತ್ತೀ?

ಮಗಳು: ಪದರದ ಅಂಚಿನಲ್ಲಿ ಸುತ್ತಲೂ ಗನಾಶಿನ ಒಂದು ಏರಿ ಹಾಕಿ, ಅದರೊಳಗೆ ಹೂರಣ ತುಂಬುತ್ತೇನೆ.

ಚಿಕ್ಕಮ್ಮ: ತೋಡಿಗೆ ಕಟ್ಟ ಹಾಕಿದ ಹಾಗೆ! ಅಜ್ಜ ಮಳೆಗಾಲ ಮುಗಿದ ಕೂಡಲೇ ಮಣ್ಣು, ಕಲ್ಲು, ಸೊಪ್ಪು ಹಾಕಿ ಕಟ್ಟ ಕಟ್ಟುತ್ತಿದ್ದರು. ಒಂದು ಕಡೆ ಸಡಿಲಿದರೂ ನೀರೆಲ್ಲ ಹೋಯಿತು.

ಮಗಳು: ಹಾಗೇ. ಕಟ್ಟದ ಎತ್ತರಕ್ಕಿಂತ ಹೂರಣ ಒಂದೆಳೆ ಕೆಳಗೇ ಇರಬೇಕು. ಮೇಲಿನ ಪದರದ ಭಾರಕ್ಕೆ ಅದು ಅಗಲಕ್ಕೆ ಸರಿಯುತ್ತದೆ. ಇನ್ನೊಂದು, ಹೂರಣ ಇಡುವ ಮೊದಲು ಪದರದ ಮೈಗೂ ತೆಳುವಾಗಿ ಗನಾಶ್ ಹಚ್ಚುತ್ತೇನೆ. ಹಣ್ಣಿನ ನೀರು ಕೇಕಿಗೆ ಇಳಿಯುವುದಿಲ್ಲ, ಬಣ್ಣವೂ ಕೆಡುವುದಿಲ್ಲ. ಒಮ್ಮೆ ಸೋಡಾ ಹೆಚ್ಚಾದ ಕೇಕಿನಲ್ಲಿ ಬ್ಲೂಬೆರಿ ಇಟ್ಟಿದ್ದೆ, ಹಣ್ಣಿನ ಸುತ್ತ ಹಸಿರು ಬಂತು. ಹಾಳಾಯಿತು ಅಂತ ಎಸೆದುಬಿಟ್ಟೆ.

ಚಿಕ್ಕಮ್ಮ: ಎಸೆಯುವ ಅಗತ್ಯ ಇರಲಿಲ್ಲ. ನಾನು ಪ್ರತಿ ವರ್ಷ ಮಕ್ಕಳಿಗೆ ತೋರಿಸುವ ಪಾಠ ಅದು. ದಾಸವಾಳದ ರಸಕ್ಕೆ ಸೋಪಿನ ನೀರು ಬಿಟ್ಟರೆ ಹಸಿರು, ನಿಂಬೆರಸ ಬಿಟ್ಟರೆ ಕೆಂಪು. ಈ ಹಣ್ಣುಗಳ ಬಣ್ಣವೂ ಅದೇ ಜಾತಿಯದು, ಆಂಥೋಸಯನಿನ್. ಕರಂಡೆಯದ್ದೂ ಅದೇ. ಹುಳಿ ಇರುವಷ್ಟು ಹೊತ್ತು ಕೆಂಪಾಗಿ ನಿಲ್ಲುತ್ತದೆ.

ಮಗಳು: ಈಗ ಹೊರಗೆ ತೆಳುವಾಗಿ ಒಂದು ಕೈ. ಪುಡಿಯೆಲ್ಲ ಇದರಲ್ಲಿ ಅಂಟಿಕೊಳ್ಳಲಿ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ದಪ್ಪಗೆ ಹಚ್ಚುವುದು.

ಚಿಕ್ಕಮ್ಮ: ಗೋಡೆಗೆ ಮೊದಲ ಸಾರಣೆ. ಮೇಲೆ ಅಲಂಕಾರಕ್ಕೆ?

ಮಗಳು: ಏನೂ ಬೇಡ ಅನಿಸುತ್ತದೆ. ಏಳೆಂಟು ಇಡೀ ಕರಂಡೆ ಹಣ್ಣು, ತೊಟ್ಟಿನ ಸಮೇತ. ಕೆಂಪು ಬಣ್ಣ ಕೊಡದೆ, ಕಪ್ಪಗೇ. ಅಮ್ಮ ನೋಡಿದ ಕೂಡಲೇ ಗುರುತಿಸಬೇಕು.

ಚಿಕ್ಕಮ್ಮ: ಗುರುತಿಸದೆ ಇರುತ್ತಾಳಾ? ಬೇಸಗೆ ರಜೆಯಲ್ಲಿ ನಾವು ಬೆಳಗ್ಗೆಯೇ ಗುಡ್ಡೆಗೆ ಹೋಗುತ್ತಿದ್ದೆವು. ಮುರಕಲ್ಲಿನ ಬಿಸಿ, ಕಾಲಿಗೆ ಚಪ್ಪಲಿ ಇಲ್ಲ. ಮುಳ್ಳಿನೊಳಗೆ ಕೈ ಹಾಕುವವಳು ಯಾವಾಗಲೂ ಅಕ್ಕ. ನಾನು ಲಂಗ ಹರವಿ ನಿಲ್ಲುವವಳು. ಮನೆಗೆ ಬರುವಾಗ ಅವಳ ಕೈ ತುಂಬ ಗೀರು, ನನ್ನ ಲಂಗ ತುಂಬ ಕಲೆ, ಬೈಗುಳ ಇಬ್ಬರಿಗೂ. ಒಳ್ಳೆಯ ಹಣ್ಣು ಆರಿಸಿ ನನಗೇ ಕೊಡುತ್ತಿದ್ದಳು. ಈ ಬುಟ್ಟಿ ತುಂಬಿಸಲು ನಾನು ಮೊನ್ನೆ ಮೂರು ಗುಡ್ಡೆ ಹತ್ತಿದೆ. ಆಗ ಒಂದೇ ಪೊದೆಯಲ್ಲಿ ಇಷ್ಟು ಸಿಗುತ್ತಿತ್ತು.

ಮಗಳು: ಪೊದೆಗಳು ಏನಾದವು?

ಚಿಕ್ಕಮ್ಮ: ಜೆಸಿಬಿ ಹಾಕಿ ಗುಡ್ಡೆ ಮಟ್ಟ ಮಾಡಿದರು. ರಬ್ಬರು, ಅಡಕೆ, ಮನೆ ಸೈಟು. ಯಾರದ್ದೂ ತಪ್ಪು ಅಂತ ಬೆರಳು ತೋರಿಸಲಿಕ್ಕೆ ಆಗುವುದಿಲ್ಲ, ನಮ್ಮ ಮೇಲಿನ ತೋಟವೂ ಹಾಗೇ ಆದದ್ದು. ಆದರೆ ಬೇಲಿಯ ಮೂಲೆಯಲ್ಲಿ ಒಂದು ಪೊದೆ ಬಿಟ್ಟರೆ ಯಾರಿಗೆ ಎಂತ ನಷ್ಟ? ನೀರು ಬೇಡ, ಗೊಬ್ಬರ ಬೇಡ, ಮುಳ್ಳಿರುವುದರಿಂದ ದನ ನುಗ್ಗುವುದಿಲ್ಲ. ಬ್ಲೂಬೆರಿಗೆ ಕೊಡುವ ದುಡ್ಡು ಕರಂಡೆಗೆ ಕೊಡಲು ಜನ ತಯಾರಾದರೆ ಪೊದೆ ಕಡಿಯುವ ಕೈ ಒಂದು ಗಳಿಗೆ ತಡೆದೀತು. ಕೇಕು ಮಾಡುವ ನಿಮ್ಮಂಥವರು ಅದನ್ನು ಕೇಳಿ ತರಿಸಬೇಕು. ಕೇಕಿನ ಹೆಸರಿನಲ್ಲೇ ಕರಂಡೆ ಅಂತ ಬರೆಯಬೇಕು.

ಮಗಳು: ಬರೆಯುತ್ತೇನೆ. ಜರಡಿಯಲ್ಲಿ ಉಳಿದ ಬೀಜ ಇದೆಯಲ್ಲ, ಅದನ್ನೇ ಬೇಲಿಗೆ ಹಾಕೋಣವಾ?

ಚಿಕ್ಕಮ್ಮ: ಬೆಂದ ಬೀಜ ಮೊಳೆಯುವುದಿಲ್ಲ ಮಗಳೇ. ಇಪ್ಪತ್ತು ಹಣ್ಣು ಮೊದಲೇ ತೆಗೆದಿಟ್ಟಿದ್ದೇನೆ, ಆ ತೆಂಗಿನ ಗೆರಟೆಯಲ್ಲಿ ಉಂಟು. ಅದರಲ್ಲಿ ಹತ್ತು ನಿನಗೆ. ಬೀಜ ಒಣಗಿಸಿ ಇಟ್ಟುಕೊಳ್ಳಬೇಡ, ಹಸಿಯಾಗಿರುವಾಗಲೇ ಕುಂಡದಲ್ಲಿ ಹಾಕು. ನಾನು ನನ್ನ ಪಾಲನ್ನು ಬೇಲಿಯ ಉದ್ದಕ್ಕೆ ಹಾಕುತ್ತೇನೆ. ಹಣ್ಣು ಬಿಡಲಿಕ್ಕೆ ಮೂರ್ನಾಲ್ಕು ವರ್ಷ ಬೇಕು.